ಗುಡ್ಡದ ಗದ್ದಲ ನಿಂತಾಗ

ಬನದ ಹುಣ್ಣಿಮೆಗೂ ಭರತ ಹುಣ್ಣಿಮೆಗೂ ಸವದತ್ತಿ ಯಲ್ಲಮ್ಮನ ಗುಡ್ಡ ನಾಲ್ಕಾರು ದಿನ ನಗರವೇ ಆಗಿಬಿಡುತ್ತದೆ. ಕರ್ನಾಟಕದ ಮೂಲೆಮೂಲೆಯಿಂದ, ಮಹಾರಾಷ್ಟ್ರ, ಗೋವಾ, ಆಂಧ್ರ, ತೆಲಂಗಾಣಗಳಿಂದ ಲಕ್ಷಗಟ್ಟಲೆ ಜನ ಬಂದಿಳಿಯುತ್ತಾರೆ. ಗುಡ್ಡದ ಮಗ್ಗುಲಿನ ಉಗರಗೋಳದವರಿಗೆ ಜಾತ್ರೆ ಕಣ್ಣಿಗಿಂತ ಮೊದಲು ಕಿವಿಗೆ ಬೀಳುತ್ತದೆ. ಏರು ಹತ್ತುವ ಬಸ್ಸಿನ ಗೇರು, ಟ್ರ್ಯಾಕ್ಟರಿಗೆ ಕಟ್ಟಿದ ಸ್ಪೀಕರಿನ ಹಾಡು, ಚಕ್ಕಡಿ ಎತ್ತುಗಳ ಕೊರಳಗೆಜ್ಜೆ, ಜೋಗತಿಯರ ಚೌಡಿಕೆ, ಇವೆಲ್ಲದರ ಮೇಲೆ ಭಕ್ತರ ‘ಉಧೋ ಉಧೋ’ ಕೂಗು.

2020ರ ಮಾರ್ಚ್‌ನಲ್ಲಿ ಕೊರೊನಾ ಕಾರಣಕ್ಕೆ ಗುಡಿಯ ಬಾಗಿಲು ಭಕ್ತರಿಗೆ ಮುಚ್ಚಿತು. ಆ ತಿಂಗಳ 25ರಿಂದ ದೇಶಕ್ಕೇ ಲಾಕ್‌ಡೌನ್. ಬಸ್ಸು ನಿಂತವು, ಅಂಗಡಿಗಳಿಗೆ ಬೀಗ ಬಿತ್ತು. ಜೂನ್ 8ರಿಂದ ರಾಜ್ಯದ ಗುಡಿಗಳು ಒಂದೊಂದಾಗಿ ತೆರೆದರೂ ಗುಡ್ಡದ ಬಾಗಿಲು ಮತ್ತೆಷ್ಟೋ ತಿಂಗಳು ತೆರೆಯಲಿಲ್ಲ. ಭಂಡಾರ, ಕುಂಕುಮ, ಬಳೆ, ಕಾಯಿ ಮಾರುವವರಿಗೆ ಆ ಮೌನವೆಂದರೆ ದುಡಿಮೆ ಇಲ್ಲದ ದಿನಗಳು. ಲಾಕ್‌ಡೌನಿನ ನಿಶ್ಶಬ್ದವನ್ನು ಹಾಡಿ ಹೊಗಳಿದವರಲ್ಲಿ ಹೆಚ್ಚಿನವರಿಗೆ ತಿಂಗಳ ಸಂಬಳ ಬರುತ್ತಿತ್ತು ಎಂಬುದನ್ನು ಮರೆಯದೆ ಮುಂದಿನ ಲೆಕ್ಕ ನೋಡೋಣ.

ಸದ್ದನ್ನು ಅಳೆಯುವುದು ಡೆಸಿಬೆಲ್‌ನಲ್ಲಿ. ಈ ಅಳತೆ ಮಾಮೂಲಿ ಕೂಡು-ಕಳೆ ಲೆಕ್ಕಕ್ಕೆ ಬಗ್ಗುವುದಿಲ್ಲ. 60 ಡೆಸಿಬೆಲ್ ಸದ್ದಿಗೆ ಅಷ್ಟೇ ಇನ್ನೊಂದು ಸದ್ದು ಸೇರಿದರೆ 120 ಆಗದು, 63 ಆಗುತ್ತದೆ. ಶಕ್ತಿ ಹತ್ತುಪಟ್ಟಾದರೆ 70. ಇದನ್ನೇ ತಿರುಗಿಸಿ ನೋಡಿದರೆ ನಿರ್ಬಂಧಗಳ ಗುಟ್ಟು ಬಿಚ್ಚಿಕೊಳ್ಳುತ್ತದೆ. ರಸ್ತೆಯಲ್ಲಿ ಓಡುವ ವಾಹನಗಳಲ್ಲಿ ಅರ್ಧದಷ್ಟನ್ನು ತಡೆದಿರಿ ಎನ್ನಿ. ಉಳಿದವು ಮೊದಲಿನ ವೇಗದಲ್ಲೇ ಓಡುತ್ತಿದ್ದರೆ ಸದ್ದು ಇಳಿಯುವುದು ಬರೀ 3 ಡೆಸಿಬೆಲ್. ಕಿವಿಗೆ ಅದು ಗೊತ್ತಾದರೆ ಆಯಿತು, ಇಲ್ಲವಾದರೆ ಇಲ್ಲ. ನೂರು ವಾಹನ ಓಡುವಲ್ಲಿ ಹತ್ತೇ ಓಡಿದರೆ 10 ಡೆಸಿಬೆಲ್ ಇಳಿಯುತ್ತದೆ, ಆಗ ಗದ್ದಲ ಅರ್ಧಕ್ಕಿಳಿದಂತೆ ಕೇಳುತ್ತದೆ. ಅದೂ ಪೂರ್ತಿ ದಕ್ಕುವುದಿಲ್ಲ. ಖಾಲಿ ರಸ್ತೆ ಸಿಕ್ಕವರು ಜೋರಾಗಿ ಓಡಿಸುತ್ತಾರೆ, ವೇಗ ಏರಿದಂತೆ ಟೈರು ನೆಲಕ್ಕೆ ಉಜ್ಜುವ ಸದ್ದೂ ಏರುತ್ತದೆ.

ಹಾಗಾದರೆ ಲಾಕ್‌ಡೌನಿನಲ್ಲಿ ಊರಿಗೆ ಊರೇ ಸತ್ತಂತಿತ್ತು ಎಂದು ಜನ ಹೇಳಿದ್ದು ಉತ್ಪ್ರೇಕ್ಷೆಯೇ? ಅಲ್ಲ. ಶಬ್ದಮಾಪಕ ಸಾಮಾನ್ಯವಾಗಿ ಕೊಡುವುದು ಶಕ್ತಿಯ ಸರಾಸರಿ. ದಿನಕ್ಕೆರಡು ಬಾರಿ ಸೈರನ್ ಕೂಗುತ್ತ ಆಂಬುಲೆನ್ಸ್ ಹಾದರೂ ಆ ಸರಾಸರಿ ಮೇಲೇಳುತ್ತದೆ. ಆದರೆ ಕಿವಿ ಕೇಳುವುದು ಎರಡು ಸದ್ದುಗಳ ನಡುವಿನ ಬಿಡುವನ್ನು. ಶಬ್ದತಜ್ಞರೂ ಇದಕ್ಕೆ ಬೇರೆ ಅಂಕಿ ಇಟ್ಟುಕೊಂಡಿದ್ದಾರೆ: ನೂರಕ್ಕೆ ತೊಂಬತ್ತು ಪಾಲು ಹೊತ್ತು ಸದ್ದು ಯಾವ ಮಟ್ಟದ ಮೇಲೆಯೇ ಇರುತ್ತದೋ, ಅದೇ ಹಿನ್ನೆಲೆಯ ಸದ್ದು. ಎಡೆಬಿಡದ ಓಡಾಟ ನಿಂತಾಗ ಕುಸಿಯುವುದು ಈ ಹಿನ್ನೆಲೆ. ಅದರಡಿ ಅಡಗಿದ್ದ ಹಕ್ಕಿಯ ಕೂಗು, ಪಕ್ಕದ ಮನೆಯ ಮಾತು, ದೂರದ ಹೊಲದ ಪಂಪ್‌ಸೆಟ್ಟು ಆಗ ಕೇಳಿಸತೊಡಗುತ್ತವೆ.

ಇನ್ನು ಹಾರ್ನ್. ಒಂದು ತಾಸು ಪೂರ್ತಿ 60 ಡೆಸಿಬೆಲ್ ಇರುವ ಜಾಗದಲ್ಲಿ ಯಾರೋ 90 ಡೆಸಿಬೆಲ್‌ನ ಹಾರ್ನನ್ನು ಎಲ್ಲ ಸೇರಿ 3.6 ಸೆಕೆಂಡು ಒತ್ತಿದರೆ, ಆ ತಾಸಿನ ಉಳಿದೆಲ್ಲ ಸದ್ದಿನಷ್ಟೇ ಶಕ್ತಿ ಅದೊಂದರಿಂದಲೇ ಬಂದು ಸರಾಸರಿ 63ಕ್ಕೆ ಏರುತ್ತದೆ. ಅರ್ಧ ವಾಹನಗಳನ್ನು ತಡೆದು ಉಳಿಸಿದ 3 ಡೆಸಿಬೆಲ್ ಇಷ್ಟರಲ್ಲೇ ಕರಗಿಹೋಯಿತು. ಜನರ ಓಡಾಟ ನಿಲ್ಲಿಸುವುದು ಸದ್ದಿಳಿಸುವ ಅತಿ ದುಬಾರಿ ದಾರಿ ಎಂದು ನಾನು ಹೇಳುವುದು ಈ ಲೆಕ್ಕ ಹಿಡಿದೇ.

ಇದನ್ನು ಅಳೆದು ನೋಡಲು ಗುಡ್ಡದ ಮೇಲೆ ಬೆಂಗಳೂರಿನಂಥ ಏರ್ಪಾಡಿಲ್ಲ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ 2011ರಲ್ಲಿ ಆರಂಭಿಸಿದ ಶಬ್ದಮಾಪನ ಜಾಲದ 70 ಕೇಂದ್ರಗಳು ಏಳು ಮಹಾನಗರಗಳಲ್ಲಿವೆ. ಕರ್ನಾಟಕದ ಪಾಲು ಬೆಂಗಳೂರಿನ 10, ಪೀಣ್ಯ, ಬಿಟಿಎಂ ಬಡಾವಣೆ, ಮಾರತ್ತಹಳ್ಳಿ ಮೊದಲಾದವು. ಜಗತ್ತು ಅಳೆದ ಅಂಕಿಗಳು ಮಾತ್ರ ಬೆರಗು ಹುಟ್ಟಿಸುತ್ತವೆ. ಬೆಲ್ಜಿಯಂನ ತೋಮಾ ಲೆಕಾಕ್ ಮತ್ತು ಜೊತೆಗಾರರು 117 ದೇಶಗಳ 268 ಭೂಕಂಪಮಾಪನ ಕೇಂದ್ರಗಳ ದಾಖಲೆ ಜಾಲಾಡಿದರು. ಮನುಷ್ಯರ ಓಡಾಟದಿಂದ ನೆಲಕ್ಕೆ ಬರುವ ಸಣ್ಣ ನಡುಕ 2020ರಲ್ಲಿ ಕೆಲವೆಡೆ ಅರ್ಧಕ್ಕೆ ಇಳಿದಿತ್ತು. ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಬಿಳಿನೆತ್ತಿಯ ಗುಬ್ಬಿಗಳು ದನಿ ತಗ್ಗಿಸಿ ಹಾಡಿದವು, ಆದರೂ ಅವುಗಳ ಹಾಡು ಮೊದಲಿಗಿಂತ ದೂರ ಮುಟ್ಟಿತು. ಲಂಡನ್ನಿನದು ಉಲ್ಟಾ ಕಥೆ. ಬೀದಿ ತಣ್ಣಗಾದರೂ ಸದ್ದಿನ ಬಗ್ಗೆ ದೂರು ಹಿಂದಿನ ವರ್ಷಕ್ಕಿಂತ ಶೇ 48ರಷ್ಟು ಹೆಚ್ಚಿತು. ಎಲ್ಲರೂ ಮನೆಯೊಳಗೆ ಕೂತಾಗ ಗೋಡೆಯಾಚೆಯ ಸದ್ದೇ ದೊಡ್ಡದು. ನಮ್ಮಲ್ಲಿ ಮಾರ್ಚ್ 22ರ ಜನತಾ ಕರ್ಫ್ಯೂ ದಿನ ಹಗಲೆಲ್ಲ ಬಾಗಿಲು ಹಾಕಿ ಕೂತವರು ಸಂಜೆ ಐದಕ್ಕೆ ತಾಟು, ಗಂಟೆ, ಜಾಗಟೆ ಬಾರಿಸಿದ್ದು ನೆನಪಿದೆಯಲ್ಲ!

ಮತ್ತೆ ಗುಡ್ಡಕ್ಕೆ ಬರೋಣ. ಬನದ ಹುಣ್ಣಿಮೆ ಬೀಳುವುದು ಜನವರಿಯ ಆಚೀಚೆ, ತಿಳಿ ಆಕಾಶದ ಚಳಿರಾತ್ರಿಗಳಲ್ಲಿ. ಹಗಲು ನೆಲ ಕಾದಿರುವಾಗ ಸದ್ದು ಮೇಲಕ್ಕೆ ಬಾಗಿ ಹೋಗುತ್ತದೆ. ರಾತ್ರಿ ನೆಲ ತಣ್ಣಗಾಗಿ ಮೇಲಿನ ಗಾಳಿ ಬೆಚ್ಚಗಿದ್ದರೆ ಅದೇ ಸದ್ದು ಕೆಳಕ್ಕೆ ಬಾಗಿ ದೂರದೂರ ಸಾಗುತ್ತದೆ. ಗುಡ್ಡದ ಮೇಲಿನ ಸ್ಪೀಕರು ನಡುರಾತ್ರಿ ಉಗರಗೋಳದ ಓಣಿಯಲ್ಲೇ ಹಾಡಿದಂತೆ ಕೇಳುವುದಕ್ಕೆ ಇದೂ ಒಂದು ಕಾರಣ. ಯಾರೂ ದನಿ ಏರಿಸಿರಬೇಕೆಂದಿಲ್ಲ.

ಜಾತ್ರೆಯನ್ನು ನಿಲ್ಲಿಸಿ ಎಂದು ಯಾವ ಶಬ್ದಶಾಸ್ತ್ರವೂ ಹೇಳುವುದಿಲ್ಲ. ಚೌಡಿಕೆಗೆ, ಉಧೋಕಾರಕ್ಕೆ ಕರೆಂಟು ಬೇಡ. ಅವು ಹರಿದಾರಿ ದೂರದವರ ನಿದ್ದೆ ಕೆಡಿಸುವಂಥವಲ್ಲ. ಸ್ಪೀಕರಿಗೂ ಹಾರ್ನಿಗೂ ಕಾನೂನು ಈಗಾಗಲೇ ಇದೆ. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಾಸದ ಪ್ರದೇಶದಲ್ಲಿ ಹಗಲು 55, ರಾತ್ರಿ 45 ಡೆಸಿಬೆಲ್ ಮಿತಿ. ರಾತ್ರಿ ಹತ್ತರಿಂದ ಬೆಳಗಿನ ಆರರವರೆಗೆ ಬಯಲಲ್ಲಿ ಧ್ವನಿವರ್ಧಕ ಹಚ್ಚುವಂತಿಲ್ಲ. ಹಬ್ಬ-ಜಾತ್ರೆಗಳಿಗೆಂದು ವರ್ಷಕ್ಕೆ ಹೆಚ್ಚೆಂದರೆ 15 ದಿನ ಈ ಗಡುವನ್ನು ಹನ್ನೆರಡರವರೆಗೆ ಸಡಿಲಿಸುವ ಅಧಿಕಾರ ರಾಜ್ಯ ಸರ್ಕಾರಕ್ಕಿದೆ. ಹನ್ನೆರಡು ದಾಟಿದ ಮೇಲೆ ಹುಣ್ಣಿಮೆಗೂ ವಿನಾಯಿತಿ ಇಲ್ಲ.