ನಿಮಗಿದು ಗೊತ್ತೆ? ಕುದುರೆಮುಖದ ಅದಿರಿಗೆ ಇರಾನಿನ ಸಾಲ

ಬೆಂಗಳೂರಿನ ಕೋರಮಂಗಲದಲ್ಲಿ ಕೆಐಒಸಿಎಲ್ ಎಂಬ ಕೇಂದ್ರ ಸರ್ಕಾರಿ ಕಂಪನಿಯ ಪ್ರಧಾನ ಕಚೇರಿಯಿದೆ. ಈ ಕಂಪನಿ ಹುಟ್ಟಿದ್ದೇ ಇರಾನಿಗೆ ಅದಿರು ಕಳಿಸಲು!

1973ರಲ್ಲಿ ತೈಲದ ಬೆಲೆ ಏರಿದಾಗ ಇರಾನಿನ ಬೊಕ್ಕಸ ತುಂಬಿತು. ದೊರೆ ಶಾ ತಮ್ಮ ದೇಶವನ್ನು ದೊಡ್ಡ ಕೈಗಾರಿಕಾ ಶಕ್ತಿಯಾಗಿಸಲು ಹೊರಟರು. ಉಕ್ಕಿನ ಕಾರ್ಖಾನೆಗಳಿಗೆ ಅದಿರು ಬೇಕಿತ್ತು. 1975ರ ನವೆಂಬರ್‌ನಲ್ಲಿ ಭಾರತದೊಂದಿಗೆ ಒಪ್ಪಂದವಾಯಿತು. ಇರಾನ್ 63 ಕೋಟಿ ಡಾಲರ್ ಸಾಲ ಕೊಡಬೇಕು, ಚಿಕ್ಕಮಗಳೂರು ಜಿಲ್ಲೆಯ ಕುದುರೆಮುಖ 21 ವರ್ಷಗಳಲ್ಲಿ 15 ಕೋಟಿ ಟನ್ ಸಾಂದ್ರೀಕೃತ ಅದಿರು ಕೊಡಬೇಕು. ಮರುವರ್ಷ ಏಪ್ರಿಲ್‌ನಲ್ಲಿ ಕಂಪನಿ ಶುರುವಾಯಿತು.

ಮಳೆಕಾಡಿನ ನಡುವೆ ಊರು, ಲಕ್ಯಾ ಅಣೆಕಟ್ಟು, ಅದಿರಿನ ಪುಡಿಯನ್ನು ನೀರಿನೊಂದಿಗೆ ಘಟ್ಟ ಇಳಿಸಿ ಮಂಗಳೂರು ಬಂದರಿಗೆ ಒಯ್ಯುವ ಸುಮಾರು 67 ಕಿ.ಮೀ. ಕೊಳವೆ, ಇವೆಲ್ಲ 1980ರ ಹೊತ್ತಿಗೆ ಸಿದ್ಧವಾದವು. ನಮ್ಮ ಎಂಜಿನಿಯರುಗಳ, ಕಾರ್ಮಿಕರ ಈ ಸಾಧನೆಗೆ ಸಿಗಬೇಕಾದಷ್ಟು ಮನ್ನಣೆ ಸಿಕ್ಕಿಲ್ಲ.

ಆದರೆ 1979ರ ಕ್ರಾಂತಿಯಲ್ಲಿ ಶಾ ಆಡಳಿತ ಉರುಳಿತ್ತು. ಇರಾನಿನಿಂದ ಬಂದದ್ದು ಸುಮಾರು 25.5 ಕೋಟಿ ಡಾಲರ್ ಮಾತ್ರ. ಒಪ್ಪಿದಂತೆ ಅದಿರನ್ನೂ ಅದು ಕೊಳ್ಳಲಿಲ್ಲ. ಒಬ್ಬನೇ ಗಿರಾಕಿಯನ್ನು ನೆಚ್ಚಿ ಕಟ್ಟಿದ ಯೋಜನೆ ಬೇರೆ ಕೊಳ್ಳುಗರನ್ನು ಹುಡುಕಬೇಕಾಯಿತು. ಮುಂದೆ ಮಂಗಳೂರಿನಲ್ಲಿ ಅದಿರಿನ ಉಂಡೆ ಮಾಡುವ ಘಟಕ ಬಂತು. ಜಪಾನ್, ಚೀನಾಗಳಿಗೆ ಹಡಗುಗಳು ಹೊರಟವು.

ಅಷ್ಟರಲ್ಲಿ ಗಣಿಯಿಂದ ಭದ್ರಾ ನದಿಗೆ ಹೂಳು ಸೇರುತ್ತಿತ್ತು. ಪರಿಸರಪ್ರಿಯರ ಹೋರಾಟ ಸುಪ್ರೀಂ ಕೋರ್ಟ್ ತಲುಪಿತು. ಅದರ ಆದೇಶದಂತೆ 2005ರ ಕೊನೆಗೆ ಕುದುರೆಮುಖದಲ್ಲಿ ಗಣಿಗಾರಿಕೆ ನಿಂತಿತು.