ಕುಂಡ ಕೆದರುವ ಬೆಕ್ಕು: ನಂಬಿದ್ದೇನು, ನಿಜವೇನು?

ನಂಜನಗೂಡಿನ ಹಳೇ ಬೀದಿಗಳಲ್ಲಿ ಮನೆಗೆ ಮನೆ ಅಂಟಿಕೊಂಡೇ ಇದೆ. ಒಂದು ತಾರಸಿಯಿಂದ ಇನ್ನೊಂದಕ್ಕೆ ದಾಟಲು ಬೆಕ್ಕಿಗೆ ಯಾರ ಅಪ್ಪಣೆಯೂ ಬೇಕಿಲ್ಲ. ತಿ. ನರಸೀಪುರದಲ್ಲೂ ಅಷ್ಟೆ. ಕುಂಡದಲ್ಲಿ ಮೆಂತ್ಯ, ಕೊತ್ತಂಬರಿ, ಬದನೆ ಬೆಳೆಯುವವರ ದೂರೂ ಎರಡೂ ಊರಲ್ಲಿ ಒಂದೇ: ಸಂಜೆ ಬೀಜ ಚೆಲ್ಲಿದರೆ ಬೆಳಿಗ್ಗೆ ಮಣ್ಣು ಕೆದರಿರುತ್ತದೆ. ಕೆದರಿದ್ದು ಎಷ್ಟೋ ಸಲ ಬೀದಿಯ ಬೆಕ್ಕಲ್ಲ, ಮನೆಯಲ್ಲೇ ಉಂಡು ಮಲಗುವ ಬೆಕ್ಕು.

ಬೈದದ್ದಕ್ಕೆ ಅದು ಮುಯ್ಯಿ ತೀರಿಸಿಕೊಳ್ಳುತ್ತಿದೆ ಎಂದು ಹೇಳುವವರಿದ್ದಾರೆ. ಬೆಕ್ಕಿಗೆ ಅಷ್ಟು ಪುರಸೊತ್ತಿಲ್ಲ. ಸಾಕುಬೆಕ್ಕಿನ ಪೂರ್ವಜರು ಆಫ್ರಿಕಾ ಮತ್ತು ಪಶ್ಚಿಮ ಏಷ್ಯಾದ ಒಣನೆಲದ ಕಾಡುಬೆಕ್ಕುಗಳು. ಸಡಿಲ ಮಣ್ಣು ಕೆದರಿ, ಹೇತು, ಮುಚ್ಚುವುದು ಅಲ್ಲಿಂದ ಬಂದ ಹುಟ್ಟುಗುಣ. ನಾವು ಕುಂಡಕ್ಕೆ ತುಂಬುವುದೇನು? ಕೆಂಪುಮಣ್ಣು, ಮರಳು, ಪುಡಿಯಾದ ಕೊಟ್ಟಿಗೆ ಗೊಬ್ಬರ. ಬೆಕ್ಕನ್ನು ಕೇಳಿ ಮಾಡಿಸಿದ್ದರೂ ಇದಕ್ಕಿಂತ ಒಳ್ಳೆಯ ಪಾಯಿಖಾನೆ ಆಗುತ್ತಿರಲಿಲ್ಲ.

ಗೇಟಿನ ಬಳಿ ಕೆಂಪು ಅಥವಾ ನೀಲಿ ನೀರಿನ ಬಾಟಲಿ ಇಟ್ಟರೆ ನಾಯಿ ಬರುವುದಿಲ್ಲ ಎಂಬ ನಂಬಿಕೆ ನಮ್ಮ ಊರುಗಳಲ್ಲಿ ಹಬ್ಬಿದೆ. ಅದೇ ಬಾಟಲಿ ಈಗ ತಾರಸಿಗೂ ಹತ್ತಿದೆ. ಬೆಕ್ಕಿನ ಕಣ್ಣಿಗೆ ಕೆಂಪು ಮಂಕು ಬಣ್ಣ. ನೀಲಿ ಕಾಣುತ್ತದೆ, ಆದರೆ ಹೆದರಿಸುವುದಿಲ್ಲ. ಹೊಸ ವಸ್ತುವೆಂದು ಸ್ವಲ್ಪ ದಿನ ದೂರ ನಿಂತೀತು, ಆಮೇಲೆ ಅದಕ್ಕೇ ಮೈ ಉಜ್ಜಿಕೊಂಡು ಹೋಗುತ್ತದೆ.

ಬಾಟಲಿಯಿಂದ ಯಾರಿಗೂ ನಷ್ಟವಿಲ್ಲ. ನುಸಿಗುಳಿಗೆಯ ಮಾತು ಹಾಗಲ್ಲ. ಕುಂಡದಲ್ಲಿ ಎರಡು ಗುಳಿಗೆ ಹೂತರೆ ಸಾಕು ಎನ್ನುವವರು ಮರೆಯುವ ಸಂಗತಿ, ಅದು ನ್ಯಾಫ್ತಲೀನ್ ಎಂಬ ವಿಷ, ತರಕಾರಿ ಬೇರು ಬಿಟ್ಟಿರುವ ಮಣ್ಣಿಗೇ ಸೇರುತ್ತದೆ. ಇಂಥ ಎಷ್ಟೋ ರಾಸಾಯನಿಕಗಳನ್ನು ನಮ್ಮ ಪಿತ್ತಜನಕಾಂಗ ಕರಗಿಸಿ ಹೊರಹಾಕುವಂತೆ ಬೆಕ್ಕಿನದು ಹೊರಹಾಕಲಾರದು. ನಂಜುಂಡೇಶ್ವರನ ಊರಲ್ಲಿ ಹುಟ್ಟಿದ ಮಾತ್ರಕ್ಕೆ ಬೆಕ್ಕಿಗೆ ನಂಜು ಅರಗಿಸುವ ಶಕ್ತಿ ಬರುವುದಿಲ್ಲ! ಖಾರದ ಪುಡಿಯೂ ಬೇಡ. ಪಂಜಕ್ಕೆ ಮೆತ್ತಿದ ಖಾರ ಬೆಕ್ಕು ಮುಖ ಒರೆಸಿಕೊಳ್ಳುವಾಗ ಕಣ್ಣಿಗೆ ಹೋಗುತ್ತದೆ. ನಾವು ಒಂದು ಸಲ ನೀರು ಹಾಕಿದರೆ ಕುಂಡದಲ್ಲಿ ಏನೂ ಉಳಿಯುವುದಿಲ್ಲ. ಕಿತ್ತಳೆ ಸಿಪ್ಪೆಯ ವಾಸನೆ ಬೆಕ್ಕಿಗೆ ಆಗದು ಎನ್ನುವುದು ಬಹುಮಟ್ಟಿಗೆ ನಿಜ, ಆದರೆ ಸಿಪ್ಪೆ ಒಣಗುವವರೆಗೆ ಮಾತ್ರ.

ಕರೆಯುವ ವಾಸನೆಗಳೂ ಇವೆ. ಮೀನು ತೊಳೆದ ನೀರನ್ನು ಗಿಡದ ಬುಡಕ್ಕೆ ಸುರಿದು ಬೆಕ್ಕನ್ನು ಬೈಯುವುದು ನ್ಯಾಯವಲ್ಲ. ಕುಂಡಗಳಲ್ಲಿ ತಾನಾಗಿ ಹುಟ್ಟುವ ಕುಪ್ಪಿಗಿಡವನ್ನೂ ನೋಡಿಕೊಳ್ಳಿ. ಅದರ ಬೇರಿನ ವಾಸನೆಗೆ ಬೆಕ್ಕುಗಳು ಮರುಳಾಗಿ ಹೊರಳಾಡುತ್ತವೆ. ಮಲಯಾಳದಲ್ಲಿ ಅದಕ್ಕೆ ‘ಪೂಚ್ಚಮಯಕ್ಕಿ’ ಎಂದೇ ಹೆಸರು. ಕಿತ್ತ ಗಿಡವನ್ನು ಕುಂಡದ ಪಕ್ಕದಲ್ಲೇ ಬಿಸಾಡಿದರೆ ಬೇರು ಬಯಲಾಗಿ ಇನ್ನಷ್ಟು ಬೆಕ್ಕು ಸೇರುತ್ತವೆ. ದೂರ ಹಾಕಿ.

ಹಾಗಾದರೆ ಮಾಡುವುದೇನು? ಮಣ್ಣಿನ ಬಾಯಿ ಮುಚ್ಚಬೇಕು. ಭತ್ತದ ಸೀಮೆಯಾದ್ದರಿಂದ ಅನೇಕರು ಹೊಟ್ಟು ಹೊದಿಸುತ್ತಾರೆ, ಇಲ್ಲವೇ ತೆಂಗಿನ ನಾರಿನ ಪುಡಿ. ಎರಡೂ ಮೆತ್ತಗಿರುವುದರಿಂದ ಬೆಕ್ಕಿಗೆ ಮತ್ತೂ ಅನುಕೂಲ. ಬದಲಿಗೆ ಒತ್ತಾಗಿ ಜೋಡಿಸಿದ ತೆಂಗಿನ ಕರಟದ ಚೂರು, ಮುಷ್ಟಿ ಗಾತ್ರದ ಉರುಟು ಕಲ್ಲು, ದಪ್ಪಗೆ ಹಾಸಿದ ಕಬ್ಬಿನ ತರಗು ಆಗುತ್ತದೆ. ಬೀಜ ಹಾಕಿದ ಕುಂಡಕ್ಕೆ ಕೋಳಿಗೂಡಿನ ತಂತಿಬಲೆಯ ತುಂಡು ಕಟ್ಟಿ, ಸಸಿ ಗೇಣುದ್ದ ಆಗುವ ಹೊತ್ತಿಗೆ ಕತ್ತರಿಸಿ ತೆಗೆಯಿರಿ. ಜೊತೆಗೆ, ಇದು ಎಲ್ಲಕ್ಕಿಂತ ಮುಖ್ಯ, ತಾರಸಿಯ ಮೂಲೆಯಲ್ಲಿ ಅಗಲವಾದ ಹಳೇ ಬೇಸಿನ್‌ಗೆ ಒಣ ಮರಳು ತುಂಬಿಡಿ. ಮನೆ ಕಟ್ಟಿ ಮಿಕ್ಕಿದ ಮರಳೇ ಸಾಕು. ಇರುವ ಬೆಕ್ಕುಗಳಿಗಿಂತ ಒಂದು ಬೇಸಿನ್ ಹೆಚ್ಚಿರಲಿ ಎನ್ನುವುದು ಪಶುವೈದ್ಯರ ಸಾಮಾನ್ಯ ಸಲಹೆ. ಜಾಗ ಇಕ್ಕಟ್ಟಾದರೆ ಒಂದನ್ನೇ ಚೊಕ್ಕಟವಾಗಿಡಿ.

ಬೆಕ್ಕಿನ ಹೇಲು ಸಗಣಿಯಂತೆ ಗೊಬ್ಬರವಾಗುತ್ತದೆ, ಇದ್ದರೆ ಇರಲಿ ಎನ್ನುವ ಉದಾರಿಗಳೂ ಇದ್ದಾರೆ. ಹಸು ಹುಲ್ಲು ತಿನ್ನುತ್ತದೆ, ಬೆಕ್ಕು ಇಲಿ ತಿನ್ನುತ್ತದೆ. ಟಾಕ್ಸೊಪ್ಲಾಸ್ಮಾ ಎಂಬ ಪರೋಪಜೀವಿಯ ಸೂಕ್ಷ್ಮ ಮೊಟ್ಟೆಗಳು ಹೊರಬೀಳುವುದು ಬೆಕ್ಕಿನ ಜಾತಿಯ ಪ್ರಾಣಿಗಳ ಮಲದಲ್ಲಿ ಮಾತ್ರ. ತೇವದ ಮಣ್ಣಿನಲ್ಲಿ ಅವು ತಿಂಗಳುಗಟ್ಟಲೆ ಬದುಕುತ್ತವೆ, ಮನೆಯ ಗೊಬ್ಬರದ ಗುಂಡಿಯ ಬಿಸಿಗೆ ಸಾಯುತ್ತವೆಂಬ ಭರವಸೆಯಿಲ್ಲ. ಉಪ್ಪುನೀರಲ್ಲಿ ಸೊಪ್ಪು ನೆನೆಸಿದರೆ ಎಲ್ಲ ಹೋಯಿತು ಎನ್ನುವುದೂ ಭ್ರಮೆ. ಹರಿಯುವ ನೀರಿನಲ್ಲಿ ಎಲೆ ಎಲೆಯಾಗಿ ಉಜ್ಜಿ ತೊಳೆದರೆ ಬಹುಪಾಲು ಹೋಗುತ್ತದೆ, ಬೇಯಿಸಿದರೆ ಸಾಯುತ್ತವೆ. ಬೆಕ್ಕು ಕೂತೆದ್ದ ಕುಂಡದ ಕೊತ್ತಂಬರಿಯನ್ನು ಹಸಿಯಾಗಿ ಕೋಸಂಬರಿಗೆ ಹಾಕಬೇಡಿ.

ಇಷ್ಟು ಕೇಳಿ, ಮನೆಯಲ್ಲಿ ಬಸುರಿ ಇದ್ದಾಳೆ, ಹೊಟ್ಟೆಯ ಮಗುವಿಗೂ ಸೋಂಕು ತಗುಲೀತೆಂದು ಬೆಕ್ಕನ್ನು ಚೀಲಕ್ಕೆ ತುಂಬಿ ಹೊಳೆಯಾಚೆ ಬಿಟ್ಟು ಬರುವವರಿದ್ದಾರೆ. ಬೇಕಿಲ್ಲ. ಸೋಂಕು ಮೊದಲ ಸಲ ತಗುಲಿದಾಗ ಬೆಕ್ಕು ಈ ಮೊಟ್ಟೆಗಳನ್ನು ಹೊರಹಾಕುವುದು ಒಂದರಿಂದ ಮೂರು ವಾರ. ಹೊರಬಿದ್ದ ಮೊಟ್ಟೆ ರೋಗ ಹರಡುವಷ್ಟು ಬಲಿಯಲು 1ರಿಂದ 5 ದಿನ ಬೇಕು. ಮರಳಿನ ಬೇಸಿನ್ನನ್ನು ದಿನವೂ ಚೊಕ್ಕಟ ಮಾಡಿ. ಆ ಕೆಲಸವನ್ನೂ ಕುಂಡದ ಮಣ್ಣು ಕೆದಕುವುದನ್ನೂ ಹೆರಿಗೆಯವರೆಗೆ ಮನೆಯ ಗಂಡಸರು ವಹಿಸಿಕೊಳ್ಳಲಿ.