ಹೇಳುವ ಮುನ್ನ

ನನ್ನ ಸೋದರತ್ತೆಗೆ ಇಂಗ್ಲಿಷ್ ಬರುತ್ತಿರಲಿಲ್ಲ. 2011ರಲ್ಲಿ ಅವರ ಎದೆಯಲ್ಲಿ ಕಾಣಿಸಿಕೊಂಡ ಗಂಟನ್ನು ಪರೀಕ್ಷಿಸಿದ ವೈದ್ಯರು ಅದರ ಫಲಿತಾಂಶವನ್ನು ನನಗೆ ಇಂಗ್ಲಿಷಿನಲ್ಲಿ ವಿವರಿಸಿದರು. ಅತ್ತೆ ಪಕ್ಕದ ಕುರ್ಚಿಯಲ್ಲಿಯೇ ಕುಳಿತು ನಮ್ಮಿಬ್ಬರ ಮುಖಗಳನ್ನೂ ನೋಡುತ್ತಿದ್ದರು. ಮಾತು ಮುಗಿದ ಮೇಲೆ "ಏನಂತೋ?" ಎಂದರು. ವೈದ್ಯರು ಹತ್ತು ನಿಮಿಷ ಆಡಿದ್ದನ್ನು ನಾನು ಮೂರು ಪದಗಳಿಗಿಳಿಸಿದೆ: "ಸಣ್ಣ ಗಂಟು, ಅಷ್ಟೆ." ಭಾಷಾಂತರದ ಧರ್ಮವನ್ನು ಕುರಿತು ತರಗತಿಯಲ್ಲಿ ಪಾಠ ಹೇಳುವ ನಾನು ಮಾಡಿದ ಅತ್ಯಂತ ಅಪ್ರಾಮಾಣಿಕವಾದ ಭಾಷಾಂತರ ಅದು.

ಆದರೆ ನಮ್ಮಲ್ಲಿ ಇದೇನೂ ಅಪೂರ್ವವಲ್ಲ. "ಅಪ್ಪನಿಗೆ ಮಾತ್ರ ಹೇಳಬೇಡಿ, ಡಾಕ್ಟರೇ" ಎಂಬ ಬಿನ್ನಹವನ್ನು ಕೇಳದ ಕ್ಯಾನ್ಸರ್ ವೈದ್ಯರು ಈ ನಾಡಿನಲ್ಲಿ ಇರಲಾರರು. ಮನೆಗಳಲ್ಲಿ ಆ ರೋಗಕ್ಕೆ ಹೆಸರೇ ಇಲ್ಲ. 'ಗಡ್ಡೆ' ಎನ್ನುತ್ತೇವೆ, ಇಲ್ಲವೆ ದನಿ ತಗ್ಗಿಸಿ 'ಆ ಕಾಯಿಲೆ' ಎನ್ನುತ್ತೇವೆ. ಹೆಸರಿನ ಕೊರತೆಯಂತೂ ನಮಗಿಲ್ಲ. ಬೇರೂರಿ, ಕದಲದೆ, ಮೆಲ್ಲಮೆಲ್ಲನೆ ಬೆಳೆಯುವ ಮಾಂಸದ ಬಾವನ್ನು ಸುಶ್ರುತನು 'ಅರ್ಬುದ' ಎಂದು ಕರೆದು ವರ್ಣಿಸಿದ್ದಾನೆ. ಗ್ರೀಕರು ಇದರಲ್ಲಿ ಏಡಿಯನ್ನು ಕಂಡರು. ಕ್ಯಾನ್ಸರ್ ಎಂಬ ಲ್ಯಾಟಿನ್ ಪದದ ಅರ್ಥವೂ ಏಡಿಯೇ.

ಮುಚ್ಚಿಡುವುದು ನಮ್ಮ ಸಂಸ್ಕೃತಿ, ಹೇಳಿಬಿಡುವುದು ಪಶ್ಚಿಮದವರ ರೀತಿ ಎಂದು ಸಮಾಧಾನ ಹೇಳಿಕೊಳ್ಳುವವರುಂಟು. ಇತಿಹಾಸ ಅಷ್ಟು ಸರಳವಾಗಿಲ್ಲ. 1961ರಲ್ಲಿ ಅಮೆರಿಕದ ಡೊನಾಲ್ಡ್ ಓಕನ್ ಪ್ರಕಟಿಸಿದ ಸಮೀಕ್ಷೆಯಲ್ಲಿ ಉತ್ತರಿಸಿದ ವೈದ್ಯರ ಪೈಕಿ ನೂರಕ್ಕೆ 90 ಮಂದಿ, ರೋಗಿಗೆ ಕ್ಯಾನ್ಸರ್ ಎಂದು ತಿಳಿಸದಿರುವುದೇ ಲೇಸೆಂದಿದ್ದರು. ಅದೇ ಪ್ರಶ್ನಾವಳಿಯನ್ನು ಮತ್ತೆ ಕಳುಹಿಸಿ 1979ರಲ್ಲಿ ಪ್ರಕಟಿಸಿದ ಫಲಿತಾಂಶದಲ್ಲಿ ನೂರಕ್ಕೆ 97 ಮಂದಿ ತಿಳಿಸುವುದೇ ಸರಿ ಎಂದರು. ಇಷ್ಟು ಸ್ವಲ್ಪ ಕಾಲದಲ್ಲಿ ಅಲ್ಲಿಯ ಸಂಸ್ಕೃತಿ ತಲೆಕೆಳಗಾಯಿತೆನ್ನಲಾಗದು. ಚಿಕಿತ್ಸೆಗಳು ಹೆಚ್ಚಿದವು, ತಲೆಗೂದಲು ಉದುರುವಂಥ ಔಷಧವನ್ನು ತಿಂಗಳುಗಟ್ಟಲೆ ಕೊಡುತ್ತ ರೋಗವನ್ನು ಗುಟ್ಟಾಗಿಡುವುದೆಂತು? ರೋಗಿಯ ಹಕ್ಕಿನ ಮಾತೂ ಬಲವಾಯಿತು.

ನಮ್ಮ ಪ್ರಾಚೀನರೂ ಈ ಇಕ್ಕಟ್ಟನ್ನು ಅರಿತಿದ್ದರು. ಮರಣದ ಚಿಹ್ನೆಗಳನ್ನು ಕಂಡ ವೈದ್ಯನು ಯಾರೂ ಕೇಳದೆ ತಾನಾಗಿ ಅದನ್ನು ನುಡಿಯಬಾರದು, ಕೇಳಿದರೂ ನುಡಿಯಿಂದ ರೋಗಿಗೋ ಇತರರಿಗೋ ಕೇಡಾಗುವಂತಿದ್ದರೆ ಹೇಳಬಾರದು ಎಂಬ ವಿಧಿ ಚರಕಸಂಹಿತೆಯ ಇಂದ್ರಿಯಸ್ಥಾನದಲ್ಲಿದೆ. ಇದನ್ನು ಮೌನಕ್ಕೆ ಸಮರ್ಥನೆಯಾಗಿ ಬಳಸುವವರು, ಅದು ಸಮೀಪಿಸಿದ ಸಾವನ್ನು ಕುರಿತದ್ದೇ ಹೊರತು ರೋಗದ ಹೆಸರನ್ನು ಕುರಿತದ್ದಲ್ಲ ಎಂಬುದನ್ನು ಮರೆಯುತ್ತಾರೆ. ನನಗೆ ಮುಖ್ಯವಾಗಿ ತೋರುವುದು ಅಲ್ಲಿಯ 'ಕೇಳದೆ' ಎಂಬ ಮಾತು. 2000ದಲ್ಲಿ ವಾಲ್ಟರ್ ಬೇಲ್, ರಾಬರ್ಟ್ ಬಕ್‌ಮನ್ ಮೊದಲಾದವರು ಕ್ಯಾನ್ಸರ್ ವೈದ್ಯರಿಗಾಗಿ ಆರು ಹೆಜ್ಜೆಗಳ ಕ್ರಮವೊಂದನ್ನು ರೂಪಿಸಿದರು. ಅದರ ಜೀವಾಳವೂ ಇದೇ: ಹೇಳುವ ಮುನ್ನ ಕೇಳು. ಏಕಾಂತದಲ್ಲಿ ಕುಳಿತುಕೊಂಡು, ತನಗೇನಾಗಿದೆಯೆಂದು ರೋಗಿ ತಿಳಿದಿದ್ದಾನೆ, ಎಷ್ಟನ್ನು ತಿಳಿಯಬಯಸುತ್ತಾನೆ ಎಂಬುದನ್ನು ಅವನ ಬಾಯಿಂದಲೇ ಕೇಳಬೇಕು. ಆಮೇಲೆ ಶಾಸ್ತ್ರದ ಪರಿಭಾಷೆಯಿಲ್ಲದೆ ತುಸುತುಸುವಾಗಿ ಹೇಳಬೇಕು. ಕಣ್ಣೀರು ಬಂದರೆ ಕಾಯಬೇಕು. ಮುಂದೇನೆಂಬ ಮಾತು ಕೊನೆಯದು. ತಿಳಿಯಲು ಇಷ್ಟವಿಲ್ಲದ ರೋಗಿಗೂ ಇಲ್ಲಿ ಸ್ಥಾನವಿದೆ. ಆದರೆ ಬೇಡವೆನ್ನಬೇಕಾದವನು ಆತನೇ, ಅವನ ಮಗನಲ್ಲ.

ನಮ್ಮ ಕಾನೂನಿನ ಒಲವೂ ಇತ್ತಲೇ. ಅರಿವಳಿಕೆಯಲ್ಲಿದ್ದ ಮಹಿಳೆಯೊಬ್ಬರ ಗರ್ಭಕೋಶವನ್ನು ಅವರ ತಾಯಿಯ ಒಪ್ಪಿಗೆಯಿಂದ ತೆಗೆದ ಮೊಕದ್ದಮೆಯೊಂದರಲ್ಲಿ (ಅದು ಕ್ಯಾನ್ಸರಿನದಲ್ಲ), ಪ್ರಾಪ್ತವಯಸ್ಕ ರೋಗಿಯ ಸಮ್ಮತಿಗೆ ಬದಲಾಗಿ ತಾಯಿಯ ಸಮ್ಮತಿ ಸಲ್ಲದೆಂದು ಸರ್ವೋಚ್ಚ ನ್ಯಾಯಾಲಯ 2008ರಲ್ಲಿ ತೀರ್ಪಿತ್ತಿತು. ಚಿಕಿತ್ಸೆಯ ಸ್ವರೂಪ, ಉದ್ದೇಶ, ಅಪಾಯ, ಬೇರೆ ದಾರಿಗಳು ಇವೆಲ್ಲ ರೋಗಿಗೆ ತಿಳಿದಿದ್ದರೆ ಮಾತ್ರ ಅದು ಸಮ್ಮತಿ.

ತಿಳಿಸುವುದಾದರೂ ಯಾವ ಮಾತಿನಲ್ಲಿ? ವಿಕಿರಣ ಚಿಕಿತ್ಸೆಗೆ ಜನ 'ಕರೆಂಟು ಕೊಡುವುದು' ಎನ್ನುತ್ತಾರೆ. ವೈದ್ಯರೂ ಅದನ್ನೇ ಹೇಳಿ ಮುಂದೆ ಸಾಗಿದರೆ, ಮೈಗೆ ತಂತಿ ಮುಟ್ಟಿಸುವರೆಂದು ನಡುಗುವ ಮುದುಕಿಯ ಭಯ ಅವರಿಗೆ ಗೊತ್ತಾಗುವುದೇ ಇಲ್ಲ. ಇದಕ್ಕಿಂತ ಕಠಿಣವಾದದ್ದು 'ಗುಣ' ಎಂಬ ಎರಡಕ್ಷರದ ಪದ. ರೋಗ ಗುಣವಾಗುತ್ತದೆ ಎಂಬುದು ಒಂದು, ಹತೋಟಿಗೆ ಬರುತ್ತದೆ ಎಂಬುದು ಇನ್ನೊಂದು, ನೋವು ಶಮನವಾಗುತ್ತದೆ ಎಂಬುದು ಮತ್ತೊಂದು. ಮೂರಕ್ಕೂ ಕನ್ನಡದಲ್ಲಿ ಬೇರೆಬೇರೆ ಮಾತುಗಳು ಇದ್ದೇ ಇವೆ. ಆದರೂ ಆಸ್ಪತ್ರೆಯ ಅವಸರದಲ್ಲಿ ಮೂರೂ 'ಗುಣ'ವೇ ಆಗಿಬಿಡುತ್ತವೆ.

ನಮ್ಮ ಮನೆಯಲ್ಲೂ ಹಾಗೆಯೇ ಆಯಿತು. ಅತ್ತೆಗೆ ತಮ್ಮನೊಡನೆ ಹನ್ನೆರಡು ವರ್ಷಗಳಿಂದ ಮಾತಿರಲಿಲ್ಲ, ಜಮೀನಿನ ವ್ಯಾಜ್ಯ. ಊರಿಗೆ ಹೋಗಿ ಅವನನ್ನೊಮ್ಮೆ ನೋಡಿ ಬರುತ್ತೇನೆಂದು ಎರಡು ಸಲ ಕೇಳಿದರು. "ಗುಣವಾದ ಮೇಲೆ ಹೋಗೋಣ ಅತ್ತೆ" ಎಂದೆ ನಾನು. ಮೂರನೆಯ ಸಲ ಅವರು ಕೇಳಲಿಲ್ಲ. ಹಾಸಿಗೆ ಹಿಡಿದ ಮೇಲೊಂದು ಸಂಜೆ, ಕೋಪವಿಲ್ಲದ ದನಿಯಲ್ಲಿ, "ಇಂಗ್ಲಿಷ್ ಬರದಿದ್ದರೆ ಏನಾಯ್ತೋ, ಆಸ್ಪತ್ರೆ ಬೋರ್ಡು ಕನ್ನಡದಲ್ಲೇ ಇತ್ತಲ್ಲ" ಎಂದರು. ಮೊದಲ ದಿನವೇ ಓದಿಕೊಂಡಿದ್ದರು. ನಾವು ನೊಂದೇವೆಂದು ಅವರೂ ಸುಮ್ಮನಿದ್ದರು. ಅವರ ತಮ್ಮ ಬಂದದ್ದು ಹನ್ನೊಂದನೆಯ ದಿನದ ಕರ್ಮಕ್ಕೆ.

ಕೆಲವು ವರ್ಷಗಳ ತರುವಾಯ, ಸಹೋದ್ಯೋಗಿಯೊಬ್ಬರ ತಂದೆಯನ್ನು ಆಸ್ಪತ್ರೆಗೆ ಕರೆದೊಯ್ದಾಗ ನಾನೂ ಜೊತೆಗಿದ್ದೆ. ಮಗ ವೈದ್ಯೆಯನ್ನು ಪಡಸಾಲೆಯಲ್ಲೇ ತಡೆದು ಬೇಡಿಕೊಂಡರು: "ಅವರಿಗೆ ತಿಳಿಸಬೇಡಿ ಮೇಡಂ, ತಡೆದುಕೊಳ್ಳಲಾರರು." ಆಕೆ ಹೂಂ ಎನ್ನಲಿಲ್ಲ, ಊಹೂಂ ಎನ್ನಲೂ ಇಲ್ಲ. "ಮೊದಲು ಅವರನ್ನು ಕೇಳಿನೋಡೋಣ" ಎಂದು ಒಳಗೆ ಬಂದು, ಮುದುಕರ ಎದುರು ಕುರ್ಚಿ ಎಳೆದುಕೊಂಡು ಕುಳಿತರು. "ಯಜಮಾನರೇ, ನಿಮಗೇನಾಗಿದೆ ಅಂತ ನಿಮಗನ್ನಿಸುತ್ತೆ?"

ಮುದುಕರು ಬಾಗಿಲ ಕಡೆಗೊಮ್ಮೆ ನೋಡಿದರು. "ನನಗೆ ಗೊತ್ತು ಕಣವ್ವಾ. ಆದರೆ ನನ್ನ ಮಗನಿಗೆ ಹೇಳಬೇಡ, ಅವನು ತಡಕೊಳ್ಳಲ್ಲ."

ಆ ವೈದ್ಯೆ ಸ್ವಲ್ಪ ಹೊತ್ತು ಏನೂ ಆಡಲಿಲ್ಲ. ಬಳಿಕ ಎದ್ದು ಇನ್ನೊಂದು ಕುರ್ಚಿಯನ್ನು ತಂದಿಟ್ಟು, ಮಗನನ್ನು ಒಳಗೆ ಕರೆದರು.